ಸಿಕಲ್ ಸೆಲ್ ರೋಗಿಯ ಆರೈಕೆಯಲ್ಲಿ ನರ್ಸ್ ಏನು ಗಮನಿಸಬೇಕು, ಮನೆಯವರಿಗೆ ಏನು ಹೇಳಿಕೊಡಬೇಕು?

ಎಲ್ಲಕ್ಕಿಂತ ಮೊದಲು ನೋವು. ಈ ಕಾಯಿಲೆಯಲ್ಲಿ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಗಡಸಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಮುಂದಕ್ಕೆ ರಕ್ತ ಹೋಗದೆ ಹುಟ್ಟುವ ಆ ನೋವು ವಿಪರೀತ. ಹೊರಗೆ ಗಾಯ ಕಾಣದು, ಬಿಪಿ, ನಾಡಿ ಸರಿಯಾಗಿಯೇ ಇರಬಹುದು. ಅಷ್ಟಕ್ಕೇ ರೋಗಿ ನಾಟಕ ಮಾಡುತ್ತಿದ್ದಾರೆ ಅಂದುಕೊಳ್ಳುವುದು, ನನ್ನ ಪ್ರಕಾರ, ವಾರ್ಡಿನಲ್ಲಿ ಆಗುವ ಅತಿ ದೊಡ್ಡ ತಪ್ಪು. ಹತ್ತಕ್ಕೆ ಎಷ್ಟು ನೋವು ಅಂತ ಕೇಳಿ, ಹೇಳಿದ್ದನ್ನು ನಂಬಿ. ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ನೋವಿನ ಔಷಧಿ ಸಿಗಬೇಕು, ಆಮೇಲೆ 30ರಿಂದ 60 ನಿಮಿಷಕ್ಕೊಮ್ಮೆ ಮತ್ತೆ ವಿಚಾರಿಸಬೇಕು. ಮಾರ್ಫಿನ್ ಕೊಟ್ಟಿದ್ದರೆ ಉಸಿರು, ಮಂಪರು ಎರಡರ ಮೇಲೂ ಕಣ್ಣಿರಲಿ. ಬಿಸಿ ಶಾಖ ಕೊಡಬಹುದು. ಐಸ್ ಬೇಡವೇ ಬೇಡ, ರಕ್ತನಾಳ ಇನ್ನಷ್ಟು ಕುಗ್ಗುತ್ತದೆ. ಎದೆನೋವು, ಕೆಮ್ಮು, ಏದುಸಿರು ಕಂಡರೆ ತಕ್ಷಣ ವೈದ್ಯರನ್ನು ಕರೆಯಿರಿ.

ಮನೆಯವರಿಗೆ ಒಂದೇ ಮಾತು ಹೇಳಲು ಸಮಯವಿದ್ದರೆ ಜ್ವರದ ಬಗ್ಗೆ ಹೇಳಿ. 38.5 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಪ್ಯಾರಸಿಟಮಾಲ್ ಕೊಟ್ಟು ಬೆಳಗಾಗಲಿ ಅಂತ ಕಾಯುವಂತಿಲ್ಲ, ಆಸ್ಪತ್ರೆಗೆ ಹೊರಡಬೇಕು. ಸೋಂಕಿನ ವಿರುದ್ಧ ಹೋರಾಡುವ ಗುಲ್ಮ (ಸ್ಪ್ಲೀನ್) ಚಿಕ್ಕಂದಿನಲ್ಲೇ ಕೆಲಸ ಕಳೆದುಕೊಳ್ಳುವುದರಿಂದ ಸೋಂಕು ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಕುತ್ತಾಗಬಹುದು. ಮಕ್ಕಳಿಗೆ ಕನಿಷ್ಠ 5 ವರ್ಷದವರೆಗೆ ಪೆನಿಸಿಲಿನ್, ಜೊತೆಗೆ ಲಸಿಕೆಗಳು ತಪ್ಪಬಾರದು. ಮುಖ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣ. ಇದು ಮಕ್ಕಳಿಗೂ ಆಗುತ್ತದೆ.

ನೀರು ಚೆನ್ನಾಗಿ ಕುಡಿಯಬೇಕು, ಚಳಿಗೆ ಮೈಯೊಡ್ಡಬಾರದು. ನೋವು ಪದೇಪದೇ ಬರುವುದನ್ನು ಕಡಿಮೆ ಮಾಡುವ ಹೈಡ್ರಾಕ್ಸಿಯೂರಿಯಾ ಮಾತ್ರೆ ಶುರುವಾಗಿದ್ದರೆ ಗುಣ ಕಾಣಲು ತಿಂಗಳುಗಳೇ ಬೇಕು ಅಂತ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಮೂರನೇ ವಾರಕ್ಕೇ ಮಾತ್ರೆ ಬಿಟ್ಟುಬಿಡುತ್ತಾರೆ.