ತುಮಕೂರಿನಲ್ಲಿ ನಾಲ್ಕೈದು ಡೆವಲಪರ್‌ಗಳು ಸೇರಿ ಹೊಸಬರಿಗೆ ಪ್ರೋಗ್ರಾಮಿಂಗ್ ಕಲಿಸಬೇಕು ಅಂದುಕೊಂಡಿದ್ದೇವೆ. ಹೇಗೆ ಶುರು ಮಾಡೋದು?

ಭಾನುವಾರ ಬೆಳಗ್ಗೆ ಇಡಿ. ನಮ್ಮೂರಲ್ಲಿ ಕಲಿಸಬಲ್ಲವರು ಸುಮಾರು ಜನ ವಾರವಿಡೀ ಬೆಂಗಳೂರಿಗೆ ರೈಲಲ್ಲಿ ಓಡಾಡುತ್ತಿರುತ್ತಾರೆ, ಬೇರೆ ದಿನ ಕೈಗೆ ಸಿಗುವುದಿಲ್ಲ. ಭಾಷೆ ಪೈಥಾನ್ ಸಾಕು, ಅದರ ಬಗ್ಗೆ ಜಾಸ್ತಿ ಚರ್ಚೆ ಬೇಡ.

ಮುಖ್ಯವಾದದ್ದು ಮೊದಲ ಎರಡು ಗಂಟೆ. ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿಸುತ್ತಾ ಕೂತರೆ ಅದರಲ್ಲೇ ಹೊತ್ತು ಹೋಗುತ್ತದೆ. ಅದರ ಬದಲು ಗೂಗಲ್ ಕೊಲ್ಯಾಬ್ ಬಳಸಿ. ಪೈಥಾನ್ ಬರೆದು ಓಡಿಸುವ ಈ ಜಾಗ ಬ್ರೌಸರ್‌ನಲ್ಲೇ ಸಿಗುತ್ತದೆ, ಜೀಮೇಲ್ ಖಾತೆ ಇದ್ದರೆ ಆಯ್ತು. ಉದಾಹರಣೆ ನಮ್ಮ ಕಡೆಯದೇ ಇರಲಿ. ತಿಪಟೂರು ಮಾರುಕಟ್ಟೆಗೆ ಹೋಗುವ ಕೊಬ್ಬರಿಯನ್ನೇ ತಗೊಳ್ಳಿ: ಎರಡು ಚೀಲದ ತೂಕ ಕೇಳಿ ಕೂಡಿಸುವ ಪ್ರೋಗ್ರಾಮ್. 45 ಮತ್ತು 50 ಕೊಟ್ಟರೆ 4550 ಅಂತ ಬರುತ್ತದೆ! ಟೈಪ್ ಮಾಡಿದ್ದನ್ನು ಓದಿಕೊಳ್ಳುವ 'ಇನ್‌ಪುಟ್' ಆದೇಶ ಕೊಡುವುದು ಅಕ್ಷರಗಳನ್ನು, ಸಂಖ್ಯೆಯನ್ನಲ್ಲ. ಹಾಗಾಗಿ ಪೈಥಾನ್ ಎರಡನ್ನೂ ಪಕ್ಕಪಕ್ಕ ಅಂಟಿಸುತ್ತದೆ. ತಕ್ಷಣ ಉತ್ತರ ಹೇಳಿಬಿಡಬೇಡಿ, ಸ್ವಲ್ಪ ತಲೆ ಕೆರೆದುಕೊಳ್ಳಲಿ. ಆಮೇಲೆ ಎರಡನ್ನೂ ಅಕ್ಷರಗಳನ್ನು ಪೂರ್ಣ ಸಂಖ್ಯೆಯಾಗಿ ಬದಲಿಸುವ 'ಇಂಟ್' ಒಳಗೆ ಹಾಕಿಸಿ, 95 ಬರುತ್ತದೆ. ಡೇಟಾ ಟೈಪ್, ಅಂದರೆ ಮಾಹಿತಿ ಅಕ್ಷರವೋ ಸಂಖ್ಯೆಯೋ ಎಂಬ ಬಗೆ, ಏನು ಅಂತ ಕಲಿಸೋಕೆ ಇದಕ್ಕಿಂತ ಒಳ್ಳೆ ದಾರಿ ನನಗೆ ಸಿಕ್ಕಿಲ್ಲ.

ಇನ್ನೊಂದು ವಿಷಯ. ಪೈಥಾನ್ 3ರಲ್ಲಿ ವೇರಿಯಬಲ್ (ಮಾಹಿತಿಯನ್ನು ಹಿಡಿದಿಡುವ ಹೆಸರು) ಹೆಸರನ್ನು ಕನ್ನಡದಲ್ಲೇ ಇಡಬಹುದು: ತೂಕ, ಬೆಲೆ, ಮೊತ್ತ. ೪೫ ಅಂತ ಕನ್ನಡ ಅಂಕಿಯಲ್ಲಿ ಟೈಪ್ ಮಾಡಿದರೂ 'ಇಂಟ್' ಓದಿಕೊಳ್ಳುತ್ತದೆ. ಇಂಗ್ಲಿಷ್ ಅಂದರೆ ಹಿಂಜರಿಯುವ ಮಕ್ಕಳಿಗೆ ಇದನ್ನು ಮೊದಲ ದಿನವೇ ತೋರಿಸಿ. ದೊಡ್ಡ ಧೈರ್ಯ ಬರುತ್ತದೆ.

ಐದಾರು ಜನಕ್ಕೆ ಒಬ್ಬರು ಸಹಾಯಕ್ಕೆ ಇರಲಿ. ಯಾರಾದರೂ ಸಿಕ್ಕಿಹಾಕಿಕೊಂಡರೆ ಪಕ್ಕದಲ್ಲಿ ಕೂತು ಕೇಳಿ, ಕೀಬೋರ್ಡ್ ಮಾತ್ರ ನೀವು ಮುಟ್ಟಬೇಡಿ.