ಗೆಳತಿಯ ಪುಸ್ತಕ ತೆರೆಯಲಾಗದ ಕಥೆಗಾರ್ತಿ

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ.)

ನಲವತ್ತರ ಆಸುಪಾಸಿನ ಮಹಿಳೆ, ಕಥೆ ಬರೆಯುವವರು. ವರ್ಷದಿಂದ ಒಂದು ಸಾಲೂ ಬರೆದಿಲ್ಲ, ನಿದ್ದೆಯೂ ಇಲ್ಲ ಎಂದು ಆಪ್ತಸಲಹೆಗಾಗಿ ನನ್ನ ಬಳಿ ಬಂದರು. ಮೊದಲ ಭೇಟಿಯ ಮಾತೆಲ್ಲ ನಿದ್ದೆಯ ಸುತ್ತಲೇ ಮುಗಿಯಿತು. ಎರಡನೇ ಸಲ ಬ್ಯಾಗಿನಿಂದ ಒಂದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ಒಂದು ಮೂಲೆಯಲ್ಲಿ ಮಾತ್ರ ಉಗುರಿನಿಂದ ಕೆರೆದು ಬಿಟ್ಟ ಗುರುತು.

‘ಗೆಳತಿಯದು ಮೇಡಂ. 12 ವರ್ಷ ಬರೆದದ್ದನ್ನೆಲ್ಲ ಒಬ್ಬರಿಗೊಬ್ಬರು ಓದಿ ಹೇಳಿದವರು ನಾವು. ಓದಿದೆ, ತುಂಬಾ ಚೆನ್ನಾಗಿದೆ ಅಂತ ಸುಳ್ಳು ಹೇಳಿಬಿಟ್ಟೆ. ಅವತ್ತಿನಿಂದ ಅವಳ ಫೋನ್ ಎತ್ತೋಕೆ ಆಗ್ತಿಲ್ಲ.’

ಹೊಟ್ಟೆಕಿಚ್ಚು ಎಂಬ ಮಾತನ್ನು ಅವರೇ ಆಡಿದರು, ತಲೆ ತಗ್ಗಿಸಿ. ನಾನದನ್ನು ಕಾಯಿಲೆ ಎನ್ನುವುದಿಲ್ಲ. ನಮಗೆ ಬೇಕಿದ್ದದ್ದು ಪಕ್ಕದವರಿಗೆ ಸಿಕ್ಕರೆ ಮನಸ್ಸು ಚುರುಕ್ ಅನ್ನುತ್ತದೆ. ಅವರನ್ನು ಒಳಗೊಳಗೇ ತಿನ್ನುತ್ತಿದ್ದದ್ದು ಆ ಸುಳ್ಳು. ಗೆಳತಿಯಿಂದ ದೂರವಾಗಿ ತಮ್ಮ ಮೊದಲ ಓದುಗಾರ್ತಿಯನ್ನೂ ಕಳೆದುಕೊಂಡಿದ್ದರು. ಈ ನಷ್ಟ ಅವರ ಲೆಕ್ಕಕ್ಕೇ ಬಂದಿರಲಿಲ್ಲ. ಬರವಣಿಗೆ ನಿಂತದ್ದು ಅಲ್ಲೇ ಎಂದು ನನಗನ್ನಿಸಿತು.

ಇಂಗ್ಲಿಷ್ ಕಾದಂಬರಿಕಾರ ಟೋಲ್ಕಿನ್ ಅವರ ವಿಷಯ ಹೇಳಿದೆ. 1937ರಲ್ಲಿ ಹಿಡಿದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿ ಅಚ್ಚಾದದ್ದು 1954–55ರಲ್ಲಿ. ನಡುವೆ ಎಷ್ಟೋ ಸಲ ಕೈಬಿಟ್ಟದ್ದುಂಟು. ಅವರ ಗೆಳೆಯ, ಲೇಖಕ ಸಿ.ಎಸ್. ಲೂಯಿಸ್ ಅಧ್ಯಾಯಗಳನ್ನು ಕೇಳಿಸಿಕೊಳ್ಳುತ್ತಾ, ಮುಗಿಸು ಎಂದು ಬೆನ್ನು ಹತ್ತಿದ್ದರು. ಲೂಯಿಸ್ ಅವರಿಂದ ತನಗೆ ದೊರೆತದ್ದು ಪ್ರಭಾವವಲ್ಲ, ಪ್ರೋತ್ಸಾಹ ಎಂದು ಟೋಲ್ಕಿನ್ ಮುಂದೆ ಬರೆದರು. ಅದೇ ಲೂಯಿಸ್ ಬರೆದ ಮಕ್ಕಳ ಕಥೆಗಳು ಟೋಲ್ಕಿನ್‌ಗೆ ಹಿಡಿಸಲಿಲ್ಲ. ಇದನ್ನು ಕೇಳಿ ಈಕೆ ಮೊದಲ ಬಾರಿ ನನ್ನ ಮುಖ ನೋಡಿದರು. ಗೆಳತಿ ಬರೆದದ್ದೆಲ್ಲ ಮೆಚ್ಚಲೇಬೇಕು ಎಂಬ ಭಾರ ಹೊತ್ತಿದ್ದರು, ಪಾಪ.

ನಾನು ಹೇಳಿದ್ದು ಇಷ್ಟು: ‘ಉದ್ದದ ಕ್ಷಮಾಪಣೆ ಪತ್ರ ಬೇಡ. ಪೆನ್ಸಿಲ್ ಹಿಡಿದು ಒಂದೇ ಒಂದು ಕಥೆ ಓದಿ. ಎಲ್ಲಿ ನಿಂತಿರೋ ಆ ಸಾಲಿಗೆ ಗೆರೆ ಎಳೆಯಿರಿ. ಯಾಕೆ ನಿಂತೆ ಅಂತ ಅವರಿಗೆ ಬರೆಯಿರಿ. ಚೆನ್ನಾಗಿದೆ ಎಂಬ ಪದ ಮಾತ್ರ ಬೇಡ.’ ಆ ಪದ ಕೇಳಿದವರಿಗೆ ಖುಷಿಯಾಗುತ್ತದೆ, ಕೈಗೆ ಏನೂ ಸಿಗುವುದಿಲ್ಲ. ‘ಈ ಸಾಲಿನಲ್ಲಿ ನಿಂತುಬಿಟ್ಟೆ’ ಎಂದರೆ ಮರುದಿನ ಕೂತು ಬರೆಯಲು ಅಷ್ಟು ಸಾಕು.

‘ಸುಳ್ಳಿನ ವಿಷಯ?’

‘ಅವತ್ತು ಓದಿರಲಿಲ್ಲ, ಈಗ ಓದ್ತಿದ್ದೀನಿ ಅನ್ನಿ.’

ನಿದ್ದೆಗೆ ವೈದ್ಯರನ್ನು ಕಾಣಲು ಹೇಳಿ ಕಳಿಸಿದೆ.

ಮೂರು ವಾರದ ನಂತರ ಬಂದಾಗ ಪುಸ್ತಕದ ಹೊದಿಕೆ ಹೋಗಿತ್ತು. ಗೆಳತಿಯ ಉತ್ತರವನ್ನು ಫೋನಿನಲ್ಲಿ ತೋರಿಸಿದರು: ‘ನೀನು ನಿಂತ ಆ ಸಾಲನ್ನು ತೆಗೆದೇಬಿಡೋಣ ಅಂತಿದ್ದೆ ಕಣೇ. ನಿನ್ನ ಆ ಅರ್ಧ ಕಥೆ ಏನಾಯ್ತು?’

ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಅರ್ಧ ಕಥೆಗೆ ನಾಲ್ಕು ಪುಟ ಸೇರಿದೆ. ಭಾನುವಾರ ಗೆಳತಿಗೆ ಓದಿ ಹೇಳಲು ಹೋಗುತ್ತಿದ್ದಾರೆ.