ನಾಲ್ಕು ಬೈ ಆರು ಅಡಿ ಬಾತ್‌ರೂಮಿಗೆ ಗ್ಯಾಸ್ ಗೀಸರ್ ಹಾಕಿಸುತ್ತಿದ್ದೇನೆ, ಎಷ್ಟು ಇಂಚಿನ ಎಕ್ಸಾಸ್ಟ್ ಫ್ಯಾನ್ ಸಾಕು?

ಆರು ಇಂಚೋ ಎಂಟು ಇಂಚೋ ಅಂತ ನಾನೂ ಕೇಳಿದ್ದೆ, ಇದೇ ಮೈಸೂರಿನಲ್ಲಿ, ಅಂಗಡಿಯ ಕೌಂಟರ್ ಮುಂದೆ ನಿಂತು. ಅವರು ಆರು ಸಾಕು ಎಂದರು. ಆರೇ ಹಾಕಿಸಿದೆ. 2021ರ ದೀಪಾವಳಿಯ ಬೆಳಗ್ಗೆ ಬಾತ್‌ರೂಮಿನ ಬಾಗಿಲು ಒದ್ದು ಅಮ್ಮನನ್ನು ಹೊರಗೆ ಎಳೆದುಕೊಂಡೆ.

ನಮ್ಮದು ಕುವೆಂಪುನಗರದಲ್ಲಿ ಹಳೇ ಮನೆ. ಬಾತ್‌ರೂಮ್ ನಿಮ್ಮದೇ ಅಳತೆ. ಒಂದು ಗೋಡೆಯಲ್ಲಿ ಮೇಲೆ ಗಾಜಿನ ಪಟ್ಟಿಗಳ ವೆಂಟಿಲೇಟರ್ ಇತ್ತು. ಅದನ್ನು ಕೀಳಿಸಿ, ಶೀಟ್ ಹೊಡೆಸಿ, ಮಧ್ಯದಲ್ಲಿ ದುಂಡಗೆ ಕೊರೆಸಿ ಫ್ಯಾನ್ ಕೂರಿಸಿದ್ದಾಯಿತು. ಸೊಳ್ಳೆಯೂ ಬರಲ್ಲ, ಬೆಳಗಿನ ಚಳಿಗಾಳಿಯೂ ಬರಲ್ಲ. ಗೀಸರ್ ನಿಮಿಷಕ್ಕೆ ಆರು ಲೀಟರಿನದು, ಒಳಗೇ ಗೋಡೆಗೆ. ಒಂದು ವರ್ಷ ಏನೂ ತೊಂದರೆ ಇರಲಿಲ್ಲ.

ಆಮೇಲೆ ಮಳೆಗಾಲದಲ್ಲಿ ಜಿರಲೆ ಕಾಟ ಶುರುವಾಯಿತು. ಸ್ನಾನದ ನೀರು ಬೇರೆ ಬಾಗಿಲ ಕೆಳಗಿಂದ ಹಾಲಿಗೆ ಬರುತ್ತಿತ್ತು. ಬಾಗಿಲ ಅಡಿಗೆ ಅಂಟಿಸುವ ರಬ್ಬರ್ ಪಟ್ಟಿ ಸಿಗುತ್ತಲ್ಲ, ಅದನ್ನು ತಂದು ನಾನೇ ಕೈಯಾರೆ ಹೊಡೆದೆ. ಚೆನ್ನಾಗಿ ಕೂತಿತು. ಜಿರಲೆ ನಿಂತಿತು, ನೀರು ನಿಂತಿತು. ಭಾನುವಾರ ಒಂದು ಕೆಲಸ ಮುಗಿಸಿದೆ ಅಂತ ಮನೆಯಲ್ಲೆಲ್ಲ ಹೇಳಿಕೊಂಡು ಓಡಾಡಿದೆ.

ನನ್ನ ತಪ್ಪು ಅದು. ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ.

ಫ್ಯಾನ್ ಗಾಳಿಯನ್ನು ಹೊರಗೆ ತಳ್ಳುತ್ತೆ, ಸರಿ. ಅಷ್ಟೇ ಗಾಳಿ ಇನ್ನೊಂದು ಕಡೆಯಿಂದ ಒಳಗೆ ಬರಬೇಕಲ್ವಾ? ಬರುವ ದಾರಿ ಇಲ್ಲದಿದ್ದರೆ ಫ್ಯಾನ್ ಸುಮ್ನೆ ಇದ್ದಲ್ಲೇ ಗರಗರ ತಿರುಗುತ್ತೆ, ಗಾಳಿ ಹೋಗುವುದಿಲ್ಲ. ನಮ್ಮ ಬಾಗಿಲು 28 ಇಂಚು ಅಗಲ. ಅಡಿಯಲ್ಲಿ ಒಂದು ಇಂಚು ಸಂದು ಇತ್ತು. ಅಂದರೆ 28 ಚದರ ಇಂಚು. ಆರು ಇಂಚಿನ ದುಂಡು ತೂತಿನ ವಿಸ್ತೀರ್ಣ ಲೆಕ್ಕ ಹಾಕಿ, ಅದೂ 28 ಚದರ ಇಂಚೇ! ಒಂದು ತೂತನ್ನು ದುಡ್ಡು ಕೊಟ್ಟು ಕೊರೆಸಿದೆ, ಅಷ್ಟೇ ದೊಡ್ಡ ಇನ್ನೊಂದನ್ನು ದುಡ್ಡು ಕೊಟ್ಟು ಮುಚ್ಚಿದೆ. ವರ್ಷವಿಡೀ ನಮ್ಮನ್ನು ಉಳಿಸಿದ್ದು ಬಾಗಿಲ ಕೆಳಗಿನ ಆ ಒಂದು ಇಂಚು. ನಾನು ಮಾತ್ರ ಫ್ಯಾನಿನ ಮೇಲೆ ಭಾರ ಹಾಕಿ ಕೂತಿದ್ದೆ.

ಅದರ ಸದ್ದು ಬೇರೆ ಕೇಳಿಸುತ್ತಿರುತ್ತೆ. ಸದ್ದು ಇದೆ, ಗಾಳಿ ಆಡುತ್ತಿದೆ ಅನ್ನುವ ಧೈರ್ಯ. ಮೌನವಾಗಿದ್ದಿದ್ದರೆ ಒಂದು ದಿನವಾದರೂ ಅನುಮಾನ ಬರುತ್ತಿತ್ತೋ ಏನೋ.

ಸೂಚನೆ ಇರಲಿಲ್ಲ ಅನ್ನುವ ಹಾಗಿಲ್ಲ. ಪಟ್ಟಿ ಹೊಡೆದ ಮೇಲೆ ಮಗ ಎರಡು ಮೂರು ಸಲ ಸ್ನಾನ ಮಾಡಿ ಬಂದು "ತಲೆ ಸಿಡೀತಿದೆ ಅಪ್ಪ" ಎಂದಿದ್ದ. ರಾತ್ರಿಯೆಲ್ಲ ಮೊಬೈಲ್ ನೋಡಿದರೆ ಇನ್ನೇನಾಗುತ್ತೆ ಅಂತ ಬೈದೆ. ಗೀಸರಿನ ಚಿಕ್ಕ ಕಿಂಡಿಯಲ್ಲಿ ಉರಿಯ ತುದಿ ನೀಲಿ ಬಿಟ್ಟು ಹಳದಿಯಾಗಿತ್ತು. ಹಣತೆಯ ಹಾಗೆ ಚೆನ್ನಾಗಿ ಕಾಣುತ್ತಿತ್ತು ಬೇರೆ. ಹಳದಿ ಉರಿ ಅಂದರೆ ಅದಕ್ಕೆ ಗಾಳಿ ಸಾಲುತ್ತಿಲ್ಲ ಅಂತ ಅರ್ಥ. ಅದು ನನಗೆ ಗೊತ್ತಾಗಿದ್ದು ಎಲ್ಲ ಆದ ಮೇಲೆ.

ನರಕ ಚತುರ್ದಶಿ. ಹಿಂದಿನ ರಾತ್ರಿ ನೀರು ತುಂಬುವ ಹಬ್ಬಕ್ಕೆ ಅಮ್ಮ ಹಂಡೆ ಇಲ್ಲವಲ್ಲ ಅಂತ ಗೀಸರಿಗೇ ಅರಿಶಿನ ಕುಂಕುಮ ಹಚ್ಚಿದ್ದರು. ಬೆಳಗ್ಗೆ ಐದಕ್ಕೆಲ್ಲ ಎಬ್ಬಿಸಿ ಎಲ್ಲರ ತಲೆಗೂ ಎಣ್ಣೆ ತಟ್ಟಿದರು. ಮೊದಲು ನಾನು, ಆಮೇಲೆ ಮಗ, ಆಮೇಲೆ ಹೆಂಡತಿ. ಎಣ್ಣೆಸ್ನಾನ ಅಂದರೆ ಗೊತ್ತಲ್ಲ, ಸೀಗೆಪುಡಿ ಹಾಕಿ ಜಿಡ್ಡು ಹೋಗುವ ತನಕ ಬಿಸಿನೀರು ಸುರಿಯುತ್ತಲೇ ಇರಬೇಕು. ಎಲ್ಲರಿಗೂ ಎಣ್ಣೆ ಹಚ್ಚಿದವರು ಕೊನೆಗೆ ತಾವು ಹೋದರು. ಅಷ್ಟು ಹೊತ್ತಿಗೆ ಗೀಸರ್ ಮುಕ್ಕಾಲು ಗಂಟೆ ಉರಿದಿತ್ತು.

ನಾನು ಹಾಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಚೊಂಬು ಬಿದ್ದ ಸದ್ದು ಕೇಳಿತು. ಚೊಂಬು ಬೀಳುವುದು ದೊಡ್ಡ ವಿಷಯವಲ್ಲ. ಆದರೆ ಬಿದ್ದಿದ್ದನ್ನು ಎತ್ತಿದ ಸದ್ದು ಬರಲಿಲ್ಲ. ನಲ್ಲಿ ಸುರಿಯುತ್ತಲೇ ಇದೆ, ಫ್ಯಾನ್ ತಿರುಗುತ್ತಲೇ ಇದೆ. "ಅಮ್ಮಾ" ಅಂತ ಎರಡು ಸಲ ಕೂಗಿದೆ. ಪುಣ್ಯಕ್ಕೆ ಪಿವಿಸಿ ಬಾಗಿಲು, ಎರಡು ಒದೆತಕ್ಕೆ ಚಿಲಕ ಕಿತ್ತು ಬಂತು. ಗೋಡೆಗೆ ಒರಗಿ ಕುಸಿದಿದ್ದರು, ಕಣ್ಣು ಅರ್ಧ ತೆರೆದಿತ್ತು. ಹಾಲಿಗೆ ತಂದು ಕಿಟಕಿ ತೆಗೆದು ಐದಾರು ನಿಮಿಷವಾದ ಮೇಲೆ ಬಾಯಿ ಬಂತು. "ಕಾಲೇ ಇಲ್ದಂಗಾಯ್ತು ಕಣೋ" ಎಂದರು.

ಅಲ್ಲಿ ಇನ್ನರ್ಧ ಗಂಟೆ ಹಾಳು ಮಾಡಿದೆವು. ಕೊರೋನಾ ಕಾಲದಲ್ಲಿ ತಂದಿದ್ದ ಆಕ್ಸಿಮೀಟರ್ ಬೆರಳಿಗೆ ಹಾಕಿದರೆ 98 ತೋರಿಸಿತು. ಬಿಪಿ ಇಳಿದಿರಬೇಕು, ಉಪ್ಪು ಸಕ್ಕರೆ ನೀರು ಕೊಡಿ ಅಂತ ತೀರ್ಮಾನವಾಯಿತು. ವಾಂತಿ ಶುರುವಾದ ಮೇಲೆ ಆಸ್ಪತ್ರೆಗೆ ಓಡಿದ್ದು. ಅಲ್ಲಿ ಒಬ್ಬ ಹುಡುಗಿ ಡಾಕ್ಟರ್ ಮೊದಲು ಕೇಳಿದ ಪ್ರಶ್ನೆಯೇ "ಗ್ಯಾಸ್ ಗೀಸರಾ?". ನಾನು 98 ಅಂದೆ. ಅವರು ಆ ಯಂತ್ರವನ್ನು ಇಲ್ಲಿ ನಂಬಬೇಡಿ ಎಂದರು. ಉರಿ ಸರಿಯಾಗಿ ಉರಿಯದಿದ್ದಾಗ ಬರುವ ಕಾರ್ಬನ್ ಮೋನಾಕ್ಸೈಡ್ ರಕ್ತಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತಂತೆ. ಹಾಗೆ ಅಂಟಿಕೊಂಡ ರಕ್ತವೂ ಕೆಂಪಗೇ ಇರುವುದರಿಂದ ಆಕ್ಸಿಮೀಟರ್ ಅದನ್ನೂ ಒಳ್ಳೇ ರಕ್ತ ಅಂತಲೇ ಎಣಿಸುತ್ತೆ. ರಕ್ತ ಪರೀಕ್ಷೆಯಲ್ಲೇ ಗೊತ್ತಾಗಬೇಕು. ಮಾಸ್ಕ್ ಹಾಕಿ ಆಕ್ಸಿಜನ್ ಕೊಟ್ಟರು. ಸಂಜೆಗೆ ಅಮ್ಮ ಎದ್ದು ಕೂತು "ಹೋಳಿಗೆ ಯಾರು ಮಾಡಿದ್ರು?" ಅಂತ ಕೇಳಿದರು. ಒಂದು ತಿಂಗಳು ಹೇಳಿದ್ದನ್ನೇ ಎರಡೆರಡು ಸಲ ಹೇಳುತ್ತಿದ್ದರು, ಆಮೇಲೆ ಸರಿಹೋಯಿತು.

ಮಂಡ್ಯ ಕಡೆ ನಮ್ಮಜ್ಜಿಯ ಮನೆಯಲ್ಲಿ ಬಚ್ಚಲು ಒಲೆ ಇತ್ತು. ತೆಂಗಿನ ಮಟ್ಟೆ, ಗರಿ, ಸಿಕ್ಕಿದ್ದನ್ನೆಲ್ಲ ತುರುಕುತ್ತಿದ್ದರು. ಹೊಗೆ ಕಣ್ಣಿಗೆ ಬಂದರೆ ನಾವು ಹಿತ್ತಲಿಗೆ ಓಡುತ್ತಿದ್ದೆವು, ಮೇಲೆ ಹೆಂಚಿನ ಸಂದಿಯಲ್ಲಿ ಆಕಾಶ ಕಾಣುತ್ತಿತ್ತು. ಈ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣೂ ಉರಿಯಲ್ಲ. ಸಿಲಿಂಡರ್ ಸೋರಿದರೆ ಬರುವ ಕೆಟ್ಟ ವಾಸನೆ ಬೇರೆ, ಅದನ್ನು ಬೇಕಂತಲೇ ಬೆರೆಸಿರುತ್ತಾರೆ. ಇದಕ್ಕೂ ಆ ವಾಸನೆ ಬರುತ್ತೆ ಅಂತ ಕಾಯುತ್ತಾ ಕೂರಬೇಡಿ.

ನಮ್ಮ ಷಡ್ಡಕರು ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಡೀಸೆಲ್ ಬಾಯ್ಲರ್ ನೋಡಿಕೊಳ್ಳುತ್ತಾರೆ. ವಿಷಯ ಕೇಳಿ ಬಂದರು. ಗೀಸರನ್ನು ತಿರುಗಿಯೂ ನೋಡಲಿಲ್ಲ. ದೇವರ ಮನೆಯಿಂದ ಒಂದು ಊದಿನಕಡ್ಡಿ ಹಚ್ಚಿಕೊಂಡು ಬಾತ್‌ರೂಮಿಗೆ ಹೋಗಿ ಫ್ಯಾನ್ ಹಾಕಿಸಿ ಬಾಗಿಲು ಮುಚ್ಚಿದರು. ಕಡ್ಡಿಯನ್ನು ಫ್ಯಾನಿನಿಂದ ಒಂದಡಿ ದೂರ ಹಿಡಿದರು. ಹೊಗೆ ನೆಟ್ಟಗೆ ಮೇಲೆ ಹೋಗಿ, ಅಲ್ಲೇ ಸುತ್ತಿ, ಅವರ ಮುಖಕ್ಕೇ ಬಂತು. "ಈಗ ಬಾಗಿಲು ಎರಡು ಬೆರಳು ತೆಗೀರಿ ಸ್ವಾಮಿ" ಎಂದರು. ತೆಗೆದೆ. ಯಾರೋ ದಾರ ಹಿಡಿದು ಎಳೆದ ಹಾಗೆ ಹೊಗೆ ಫ್ಯಾನಿನೊಳಕ್ಕೆ ಹೋಯಿತು. ನಾನು ಅಲ್ಲೇ ಕಮೋಡಿನ ಮೇಲೆ ಕೂತುಬಿಟ್ಟೆ.

ಬಾಯ್ಲರ್ ರೂಮಿಗೆ ಹೋದರೆ ಅವರು ಮೊದಲು ನೋಡುವುದು ಗೋಡೆಯ ಗಾಳಿಕಿಂಡಿಗಳನ್ನಂತೆ, ಯಾರಾದರೂ ಗೋಣಿಚೀಲ ಮುಚ್ಚಿದ್ದಾರಾ ಅಂತ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಸುಮಾರು 10 ಘನ ಮೀಟರ್ ಗಾಳಿ ಬೇಕು. ಒಂದು ಕೆಜಿ ಅಡುಗೆ ಗ್ಯಾಸಿಗೆ ಸುಮಾರು 12. ಆರು ಲೀಟರ್ ಗೀಸರ್ ಜೋರಾಗಿ ಉರಿದರೆ ಗಂಟೆಗೆ ಹೆಚ್ಚುಕಮ್ಮಿ ಒಂದು ಕೆಜಿ ತಿನ್ನುತ್ತೆ. ನಿಮ್ಮ ಬಾತ್‌ರೂಮ್ ಎಂಟಡಿ ಎತ್ತರ ಅಂದುಕೊಂಡರೆ ಒಳಗಿರುವ ಗಾಳಿಯೇ ಐದೂವರೆ ಘನ ಮೀಟರ್. ಅರ್ಧ ಗಂಟೆಗೂ ಸಾಲದು. ಗಾಳಿ ಪೂರ್ತಿ ಮುಗಿಯುವ ತನಕ ಉರಿ ಕಾಯುವುದೂ ಇಲ್ಲ, ಆಮ್ಲಜನಕ ಒಂದಿಷ್ಟು ಇಳಿದರೆ ಸಾಕು, ಕೆಟ್ಟು ವಿಷ ಕಕ್ಕಲು ಶುರು ಮಾಡುತ್ತೆ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎಷ್ಟು ಇಂಚಿನ ಫ್ಯಾನೂ ಬೇಡ. ಗೀಸರ್ ಹೊರಗೆ ಹಾಕಿಸಿ. ಯುಟಿಲಿಟಿ, ಬಾಲ್ಕನಿ, ಹಿತ್ತಲ ಗೋಡೆ, ಎಲ್ಲಾದರೂ ಸರಿ, ಮಳೆ ಬೀಳದ ಹಾಗೆ ಮೇಲೊಂದು ಶೀಟ್ ಇದ್ದರಾಯಿತು. ಸಿಲಿಂಡರ್ ಕೂಡ ಅಲ್ಲೇ, ನೆಟ್ಟಗೆ, ತಗ್ಗಿನಲ್ಲಿ ಅಲ್ಲ, ಯಾಕೆಂದರೆ ಸೋರಿದ ಗ್ಯಾಸ್ ಗಾಳಿಗಿಂತ ಭಾರ, ತಗ್ಗಿನಲ್ಲೇ ನಿಲ್ಲುತ್ತೆ. ಒಳಕ್ಕೆ ಬಿಸಿನೀರಿನ ಪೈಪ್ ಮಾತ್ರ ಬರಲಿ. ನಮ್ಮದು ಈಗ ಹನ್ನೆರಡು ಅಡಿ ಪೈಪ್. ಮೊದಲು ಸ್ವಲ್ಪ ತಣ್ಣೀರು ಬರುತ್ತೆ, ಅದು ಗಿಡಕ್ಕೆ.

ಪ್ಲಂಬರ್ "ಎಲ್ಲರ ಮನೇಲೂ ಒಳಗೇ ಹಾಕಿದೀನಿ ಸಾರ್, ಏನೂ ಆಗಿಲ್ಲ" ಅನ್ನುತ್ತಾರೆ. ನನ್ನ ಹತ್ತಿರವೂ ಹಾಗೇ ಹೇಳಿದ್ದರು. ಹೊಗೆಪೈಪನ್ನು ಹೊರಗೆ ಬಿಟ್ಟು, ಅದೇ ರೂಮಿಗೆ ಫ್ಯಾನೂ ಹಾಕಿ ಅಂದರೆ ಇನ್ನೂ ಒಪ್ಪಬೇಡಿ. ಬೇರೆ ಕಡೆಯಿಂದ ಗಾಳಿ ಸಿಗದಿದ್ದರೆ ಫ್ಯಾನ್ ಆ ಪೈಪಿನಿಂದಲೇ ಎಳೆದು, ಹೊರಗೆ ಹೋಗಬೇಕಾದ್ದನ್ನು ವಾಪಸ್ ಒಳಗೆ ತರುತ್ತೆ. ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತೆ, ಗೀಸರ್ ಮಾತ್ರ ಎರಡು ಸೆಲ್ಲಿನಲ್ಲಿ ಆರಾಮಾಗಿ ಉರಿಯುತ್ತಿರುತ್ತೆ, ಅದೊಂದು.

ಬಾಡಿಗೆ ಮನೆ, ಹೊರಗೆ ಜಾಗವೇ ಇಲ್ಲ ಅಂದರೆ ಗ್ಯಾಸ್ ಬಿಟ್ಟು ಕರೆಂಟಿನ ಗೀಸರ್ ತಗೊಳ್ಳಿ. ಬಿಲ್ ಜಾಸ್ತಿ ಬರುತ್ತೆ, ಬರಲಿ. ಈಗಾಗಲೇ ಒಳಗೆ ಹಾಕಿಸಿಬಿಟ್ಟಿದ್ದರೆ, ಬದಲಾಯಿಸುವ ತನಕ ಬಾಗಿಲು ಪೂರ್ತಿ ತೆಗೆದಿಟ್ಟು ಬಕೆಟ್ ತುಂಬಿಸಿಕೊಂಡು, ಗೀಸರ್ ಆಫ್ ಮಾಡಿ, ಆಮೇಲೆ ಸ್ನಾನಕ್ಕೆ ಹೋಗಿ. ಉರಿಯುತ್ತಿರುವಾಗ ಯಾರೂ ಒಳಗೆ ಚಿಲಕ ಹಾಕಬೇಡಿ.

ನೀವು ಬಾತ್‌ರೂಮಿನ ಅಳತೆ ಬರೆದಿದ್ದೀರಿ. ಬಾಗಿಲ ಕೆಳಗೆ ಸಂದು ಎಷ್ಟಿದೆ ಅಂತ ಬರೆದಿಲ್ಲ. ಅಳೆದು ಹೇಳಿ.